ಗೆಣಸಿನ ಬಳ್ಳಿ ಯಾವಾಗ ನೆಡಬೇಕು? ಕರಾವಳಿಯ ನಾಲ್ಕು ಹಂಗಾಮುಗಳ ಹೋಲಿಕೆ

ಸಿಹಿಗೆಣಸು ಯಾವ ತಿಂಗಳು ನೆಡಬೇಕು ಎಂದು ಮೊಬೈಲಿನಲ್ಲಿ ಹುಡುಕಿ ನೋಡಿ. ಸಿಗುವ ಉತ್ತರಗಳಲ್ಲಿ ಬಹಳಷ್ಟು ಹಿಮದ ಬಗ್ಗೆಯೇ ಇರುತ್ತವೆ. ಹಿಮ ಬೀಳುವ ಕಾಲ ಪೂರ್ತಿ ಮುಗಿಯಲಿ, ಮಣ್ಣು 18 ಡಿಗ್ರಿಯಷ್ಟಾದರೂ ಬೆಚ್ಚಗಾಗಲಿ, ಆಮೇಲೆ ಬಳ್ಳಿ ನೆಡಿ ಎನ್ನುತ್ತಾರೆ. ಅಮೆರಿಕದ ರೈತರಿಗೆ ಅದು ಸರಿಯಾದ ಮಾತು. ಹಿಮ ಬಿದ್ದರೆ ಬಳ್ಳಿ ಸುಟ್ಟಂತೆ ಕಪ್ಪಾಗಿ ಸಾಯುತ್ತದೆ. ಅವರಿಗೆ ಬೇಸಿಗೆಯ ನಾಲ್ಕೈದು ತಿಂಗಳು ಬಿಟ್ಟರೆ ಬೇರೆ ದಾರಿ ಇಲ್ಲ.

ನಮ್ಮ ಮಂಗಳೂರು, ಉಡುಪಿಯಲ್ಲಿ ಆ ಕಟ್ಟುಪಾಡು ಇಲ್ಲ. ಧನುರ್ಮಾಸದ ಬೆಳಗಿನ ಜಾವ ಕೂಡ ಗೆಣಸಿಗೆ ಚಳಿ ಅನ್ನಿಸುವಂಥದ್ದಲ್ಲ. ವರ್ಷದ ಹನ್ನೆರಡು ತಿಂಗಳಲ್ಲಿ ಯಾವಾಗ ನೆಟ್ಟರೂ ಬಳ್ಳಿ ಚಿಗುರುತ್ತದೆ. ಮೋಸ ಹೋಗುವುದು ಅಲ್ಲೇ. ಚಿಗುರುವುದು ಬೇರೆ, ಗಡ್ಡೆ ಕಟ್ಟುವುದು ಬೇರೆ. ಹಿತ್ತಲು ತುಂಬ ಹಸಿರು ಹಬ್ಬಿರುತ್ತದೆ, ಹಾರೆ ಹಾಕಿ ನೋಡಿದರೆ ಬೆರಳು ಗಾತ್ರದ ಬೇರು. ಇಂಥ ಮನೆಗಳು ನಮ್ಮ ಕಡೆ ಬೇಕಾದಷ್ಟು ಉಂಟು.

ಇಲ್ಲಿ ತಿಂಗಳನ್ನು ತೀರ್ಮಾನ ಮಾಡುವುದು ನೀರು. ವರ್ಷಕ್ಕೆ ಹೆಚ್ಚು ಕಡಿಮೆ 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜನವರಿಯಿಂದ ಏಪ್ರಿಲ್ ತನಕ ಆಕಾಶ ನೋಡಿಕೊಂಡು ಕೂರಬೇಕು. ಹಾಗಾಗಿ ಯಾವ ತಿಂಗಳು ಎಂದು ಕೇಳುವ ಮೊದಲು, ನಿಮ್ಮ ಜಾಗದಿಂದ ನೀರು ಯಾವಾಗ ಇಳಿಯುತ್ತದೆ, ಇಳಿದ ಮೇಲೆ ತೇವ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡಿ. ಪಕ್ಕದ ಮನೆಯವರ ತಿಂಗಳು ನಿಮಗೆ ಹೊಂದಬೇಕೆಂದೇನೂ ಇಲ್ಲ. ಅವರದು ಎತ್ತರದ ಬೆಟ್ಟು ಜಾಗ, ನಿಮ್ಮದು ತಗ್ಗಿನ ಬೈಲು ಆಗಿರಬಹುದು, ಅಲ್ವಾ?

ಗಡ್ಡೆ ಯಾವಾಗ ಕಟ್ಟುತ್ತದೆ

ಹೋಲಿಕೆಗೆ ಮೊದಲು ಬಳ್ಳಿಯ ಸ್ವಭಾವ ಸ್ವಲ್ಪ ತಿಳಿದಿರಬೇಕು. ನೆಟ್ಟ ಮೊದಲ ನಾಲ್ಕರಿಂದ ಆರು ವಾರದಲ್ಲಿ ಯಾವ ಬೇರು ಗಡ್ಡೆಯಾಗಬೇಕು, ಯಾವುದು ಬರೀ ಬೇರಾಗಿ ಉಳಿಯಬೇಕು ಎಂಬುದು ಹೆಚ್ಚುಕಡಿಮೆ ನಿರ್ಧಾರ ಆಗಿಬಿಡುತ್ತದೆ. ಆ ಹೊತ್ತಿಗೆ ಬೇರಿನ ಸುತ್ತ ಗಾಳಿ ಆಡಬೇಕು. ಮಣ್ಣು ತೇವವಾಗಿರಬೇಕು, ಆದರೆ ನೀರು ನಿಂತಿರಬಾರದು. ಕೆಸರಿನಲ್ಲಿ ಕೂತ ಬೇರು ನಾರಾಗುತ್ತದೆ. ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಅದು ಗಡ್ಡೆಯಾಗುವುದಿಲ್ಲ.

ಇನ್ನೊಂದು ವಿಷಯ ಹಗಲಿನ ಉದ್ದ. ಹಗಲು ಚಿಕ್ಕದಾಗಿ ರಾತ್ರಿ ಸ್ವಲ್ಪ ತಣ್ಣಗಿದ್ದರೆ ಗೆಣಸು ಗಡ್ಡೆಯ ಕಡೆ ಗಮನ ಕೊಡುತ್ತದೆ. ಹಗಲು ಉದ್ದವಿದ್ದು ಮಳೆಯೂ ಜೋರಾಗಿದ್ದರೆ ಎಲೆ, ಬಳ್ಳಿ ಜಾಸ್ತಿ. ನಮ್ಮಲ್ಲಿ ಜೂನ್ ಕೊನೆಗೆ ಹಗಲು ಹೆಚ್ಚುಕಡಿಮೆ 13 ಗಂಟೆ. ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷದ ಆಸುಪಾಸು. ವ್ಯತ್ಯಾಸ ದೊಡ್ಡದಲ್ಲ ಅನ್ನಿಸಬಹುದು. ಆದರೆ ಮೋಡ ಮುಚ್ಚಿದ ಜುಲೈಯನ್ನೂ ಬಿಸಿಲು ಕಾಯುವ ಡಿಸೆಂಬರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಗಡ್ಡೆಗೆ ಬೇಕಾದ ಹಿಟ್ಟು, ಸಕ್ಕರೆ ಎಲ್ಲ ತಯಾರಾಗುವುದು ಬಿಸಿಲಿನಿಂದಲೇ.

ಹೆಚ್ಚಿನ ತಳಿಗಳಿಗೆ ನೆಟ್ಟಲ್ಲಿಂದ ಅಗೆಯುವವರೆಗೆ ಮೂರರಿಂದ ನಾಲ್ಕು ತಿಂಗಳು. ಹಾಗಾಗಿ ನೆಡುವ ದಿನದ ಜೊತೆಗೆ ಅಗೆಯುವ ದಿನವನ್ನೂ ಲೆಕ್ಕ ಹಾಕಬೇಕು.

ಮುಂಗಾರಿನ ಗೆಣಸು: ಜೂನ್, ಜುಲೈ

ಇದು ಹಳೆಯ ಪದ್ಧತಿ. ರೋಹಿಣಿ, ಮೃಗಶಿರ ಮಳೆ ಹಿಡಿದ ಕೂಡಲೇ ಬೆಟ್ಟು ಜಾಗದಲ್ಲಿ ಸಾಲು ಏರಿಸಿ ನೆಡುವುದು. ಒಂದು ಕೊಡ ನೀರು ಹೊರುವ ಕೆಲಸ ಇಲ್ಲ. ಗಡ್ಡೆ ಕೊರೆಯುವ ಮೂತಿಹುಳದ ಕಾಟವೂ ಈ ಕಾಲದಲ್ಲಿ ಕಡಿಮೆ. ಯಾಕೆ ಕಡಿಮೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಪಕ್ಕದ ಕೇರಳದ ಕೃಷಿ ವಿಶ್ವವಿದ್ಯಾಲಯವೂ ಮಳೆಯಾಶ್ರಿತ ಗೆಣಸಿಗೆ ಎರಡು ಹೊತ್ತು ಹೇಳುತ್ತದೆ: ಜೂನ್-ಜುಲೈ ಒಂದು, ಸೆಪ್ಟೆಂಬರ್-ಅಕ್ಟೋಬರ್ ಇನ್ನೊಂದು. ಕಾಸರಗೋಡಿನ ಮಳೆ, ಮಣ್ಣು ಎಲ್ಲ ನಮ್ಮದರ ಹಾಗೇ ಇರುವುದರಿಂದ ಆ ಲೆಕ್ಕ ನಮಗೂ ನಡೆಯುತ್ತದೆ.

ಆದರೆ ಜುಲೈ ತಿಂಗಳೊಂದರಲ್ಲೇ 1,000 ಮಿಲಿಮೀಟರ್ ದಾಟುವ ಮಳೆ ಅಂದರೆ ಸಾಲು ಎಷ್ಟು ದಿನ ನಿಲ್ಲುತ್ತದೆ ಹೇಳಿ! ಇಳಿಜಾರು ಇರುವ, ಮುರಕಲ್ಲಿನ ಹರಳು ಬೆರೆತ ಕೆಂಪು ಮಣ್ಣಾದರೆ ನೀರು ಸರಸರನೆ ಬಸಿದು ಹೋಗುತ್ತದೆ. ಅಲ್ಲಿ ಮೊಣಕಾಲಿಗಿಂತ ಸ್ವಲ್ಪ ಕೆಳಗಿನ ಎತ್ತರಕ್ಕೆ ಸಾಲು ಏರಿಸಿ, ಸಾಲಿನ ನಡುವಿನ ನೀರು ಹೊರಗೆ ಹೋಗಲು ಕಣಿ ಬಿಟ್ಟರೆ ಬೆಳೆ ಬರುತ್ತದೆ. ಸಮತಟ್ಟಾದ ಹಿತ್ತಲಿನಲ್ಲಿ, ತೆಂಗಿನ ಬುಡದ ನೆರಳಿನಲ್ಲಿ ಜೂನ್‌ನಲ್ಲಿ ನೆಟ್ಟು ಗಡ್ಡೆ ಕಾಯುವುದು ಸುಮ್ನೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಸಾಲು ಕರಗಿ ಬೇರು ಬಯಲಾಗುತ್ತದೆ. ಕಳೆಯ ಕಥೆ ಬೇರೆಯೇ. ಜೊತೆಗೆ ಈ ಬೆಳೆ ಅಗೆಯಲು ಬರುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ. ಆಗ ಮಧ್ಯಾಹ್ನ ಕಳೆದರೆ ಗುಡುಗು ಮಳೆ. ಒದ್ದೆ ಮಣ್ಣಿನಿಂದ ತೆಗೆದ ಗೆಣಸು ಮನೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ.

ಹಾಗಂತ ಜೂನ್ ನಾಟಿ ಬೇಡವೇ ಬೇಡ ಎಂದು ಹೇಳುತ್ತಿಲ್ಲ. ನನ್ನ ಅಭಿಪ್ರಾಯದಲ್ಲಿ ಮುಂಗಾರು ನಾಟಿಯ ನಿಜವಾದ ಫಸಲು ಬಳ್ಳಿ. ಸೆಪ್ಟೆಂಬರ್‌ನಲ್ಲಿ ನೆಡುವುದಕ್ಕೆ ಬಳ್ಳಿ ಎಲ್ಲಿಂದ ತರುತ್ತೀರಿ? ಪೇಟೆಯಲ್ಲಿ ಗೆಣಸು ಸಿಗುತ್ತದೆ, ಬಳ್ಳಿ ಸಿಗುವುದು ಕಷ್ಟ. ಜೂನ್‌ನಲ್ಲಿ ಒಂದು ಮೂಲೆಯಲ್ಲಿ ನೆಟ್ಟದ್ದು ಮಳೆಗೆ ಹಬ್ಬಿ ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಹೊತ್ತಿಗೆ ಬೇಕಾದಷ್ಟು ತುದಿ ಕೊಡುತ್ತದೆ. ಅಡಿಯಲ್ಲಿ ನಾಲ್ಕು ಗಡ್ಡೆ ಸಿಕ್ಕಿದರೆ ಸಿಕ್ಕಿತು. ಎಳೆ ಸೊಪ್ಪು ಪಲ್ಯಕ್ಕೂ ಆಗುತ್ತದೆ.

ಸೋಣ ಕಳೆದ ಮೇಲೆ: ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರ

ಹಿತ್ತಲಿನಲ್ಲಿ ಬೆಳೆಯುವವರು ಒಂದೇ ಒಂದು ಸಲ ನೆಡುವುದಾದರೆ ಈ ಹೊತ್ತು ಹಿಡಿಯಿರಿ.

ಕಾರಣ ಇಷ್ಟೇ. ಚೌತಿ ಕಳೆದು ಸೆಪ್ಟೆಂಬರ್ ಅರ್ಧ ಆಗುವಾಗ ಮಳೆಯ ರಭಸ ಇಳಿದಿರುತ್ತದೆ. ಉತ್ತರೆ, ಹಸ್ತ ಮಳೆಗಳು ಬಿಟ್ಟು ಬಿಟ್ಟು ಬರುತ್ತವೆ. ಬಳ್ಳಿ ಬೇರು ಬಿಡಲು ಬೇಕಾದ ತೇವ ಪುಕ್ಕಟೆ ಸಿಗುತ್ತದೆ, ಸಾಲು ಕರಗುವಷ್ಟು ನೀರು ಬರುವುದಿಲ್ಲ. ಚಿತ್ತೆ, ಸ್ವಾತಿಯ ಸಂಜೆ ಮಳೆ ಬಂದರೆ ನವೆಂಬರ್ ಮೊದಲ ವಾರದವರೆಗೂ ನೀರಿನ ಚಿಂತೆ ಇಲ್ಲ. ಗಡ್ಡೆ ದಪ್ಪ ಆಗುವ ಹೊತ್ತಿಗೆ ಸರಿಯಾಗಿ ಹಗಲು ಚಿಕ್ಕದಾಗುತ್ತಾ ಬರುತ್ತದೆ, ಆಕಾಶ ತಿಳಿಯಾಗುತ್ತದೆ. ಡಿಸೆಂಬರ್ ಕೊನೆಗೋ ಜನವರಿಗೋ ಅಗೆದರೆ ಮಣ್ಣು ಒಣಗಿ ಬಿರಿಯುವ ಮೊದಲೇ ಗೆಣಸು ಒಳಗೆ ಬಂದಿರುತ್ತದೆ. ಕೈಯಿಂದ ನೀರು ಹಾಕಬೇಕಾದ್ದು ಕೊನೆಯ ಒಂದೂವರೆ ತಿಂಗಳು ಮಾತ್ರ, ಅದೂ ವಾರಕ್ಕೊಮ್ಮೆ.

ಕಟಪಾಡಿ ಹತ್ತಿರದ ಮಟ್ಟುವಿನವರು ಗುಳ್ಳದ (ಬದನೆ) ಗಿಡ ಗದ್ದೆಗೆ ಇಳಿಸುವುದೂ ಮಳೆಯ ಆರ್ಭಟ ತಗ್ಗಿದ ಮೇಲೆಯೇ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಆ ಮಟ್ಟುಗುಳ್ಳಕ್ಕೂ ಗೆಣಸಿಗೂ ಸಂಬಂಧ ಇಲ್ಲ, ಆದರೆ ಕಾರಣ ಒಂದೇ. ಈ ಕರಾವಳಿಯಲ್ಲಿ ನೀರು ನಿಂತರೆ ಕೊಳೆಯುವ ಯಾವ ಬೆಳೆಗೂ ಇದೇ ಹೊತ್ತು ಕ್ಷೇಮ.

ಕಾಪು, ಮಲ್ಪೆ, ಮೂಲ್ಕಿ ಕಡೆಯ ಹೊಯಿಗೆ (ಮರಳು) ಮಣ್ಣಿನವರು ಸೆಪ್ಟೆಂಬರ್ ಮೊದಲ ವಾರಕ್ಕೇ ಶುರು ಮಾಡಬಹುದು. ಅಲ್ಲಿ ನೀರು ನಿಲ್ಲುವ ಪ್ರಶ್ನೆ ಕಡಿಮೆ, ಬೇಗ ಒಣಗುವ ಪ್ರಶ್ನೆ ಜಾಸ್ತಿ. ಹೊಯಿಗೆಯಲ್ಲಿ ಗೆಣಸಿನ ರೂಪ ಚೆಂದ, ನೇರವಾಗಿ ನಯವಾಗಿ ಬರುತ್ತದೆ. ಆದರೆ ಗೊಬ್ಬರ ನಿಲ್ಲುವುದಿಲ್ಲ. ಹಟ್ಟಿಗೊಬ್ಬರವನ್ನು ಸಾಲಿನ ಒಳಗೇ ಹಾಕಬೇಕು, ಮೇಲೆ ತರಗೆಲೆ ಮುಚ್ಚಬೇಕು. ಕಾರ್ಕಳ, ಹೆಬ್ರಿ ಕಡೆಯವರು ಉಲ್ಟಾ ಮಾಡಬೇಕು. ಘಟ್ಟದ ಬುಡದಲ್ಲಿ ಮಳೆ ಜಾಸ್ತಿ, ಬೇಗ ನೆಟ್ಟು ಪ್ರಯೋಜನ ಇಲ್ಲ. ಅಕ್ಟೋಬರ್ ಮೊದಲ ವಾರವೇ ಇರಲಿ.

ಈ ಹೊತ್ತಿನ ದೊಡ್ಡ ಅಡ್ಡಿ ಎಂದರೆ ಜಾಗ. ಗದ್ದೆಯಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಪೈರು ನಿಂತಿರುತ್ತದೆ. ಎಂಒ4 ಭತ್ತ ಕಟಾವಿಗೆ ಬರುವಾಗ ಅಕ್ಟೋಬರ್ ಕೊನೆ. ಹಾಗಾಗಿ ಸೆಪ್ಟೆಂಬರ್ ಗೆಣಸು ಎಂದರೆ ಬೆಟ್ಟು ಗದ್ದೆ, ಹಿತ್ತಲು, ಹಡಿಲು ಬಿಟ್ಟ ಜಾಗ ಇವಿಷ್ಟೇ.

ಏಣೆಲು ಕೊಯ್ಲಾದ ಮೇಲೆ: ನವೆಂಬರ್

ಬೆಟ್ಟು, ಬೈಲುಗಳ ನಡುವಿನ ಮಟ್ಟದ ಮಜಲು ಗದ್ದೆ ಇದ್ದು, ಏಣೆಲಿನ ನಂತರದ ಸುಗ್ಗಿ ಭತ್ತಕ್ಕೆ ಸಾಕಾಗುವಷ್ಟು ನೀರಿಲ್ಲ, ಆದರೆ ಬಾವಿಯಲ್ಲಿ ಫೆಬ್ರವರಿ ತನಕ ಪಂಪ್ ಓಡುತ್ತದೆ ಎನ್ನುವವರಿಗೆ ಇದೇ ಹೊತ್ತು. ಭತ್ತ ತೆಗೆದ ಗದ್ದೆಯ ತೇವ ಮೊದಲ ಕೆಲವು ವಾರ ಸಹಾಯ ಮಾಡುತ್ತದೆ.

ಇಲ್ಲಿ ಸೋಲು ಗೆಲುವು ಎರಡೂ ಮಣ್ಣು ತಯಾರಿಯಲ್ಲಿ ಉಂಟು. ನಾಲ್ಕು ತಿಂಗಳು ಕೆಸರಾಗಿದ್ದ ಮಣ್ಣು ಅದು. ಬೇಗ ಉಳುಮೆ ಮಾಡಿದರೆ ಅಂಟಂಟಾಗಿ ಮಗುಚಿಕೊಳ್ಳುತ್ತದೆ, ತಡವಾಗಿ ಮಾಡಿದರೆ ಇಟ್ಟಿಗೆಯಂಥ ಹೆಂಟೆ ಏಳುತ್ತದೆ. ಒಂದು ಮುಷ್ಟಿ ಮಣ್ಣು ಹಿಡಿದು ಹಿಸುಕಿ. ಉಂಡೆ ಆಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಪುಡಿ ಆಗಬೇಕು. ಬೆರಳ ಸಂದಿಯಿಂದ ಜಾರಿ ಬಂದರೆ ಇನ್ನೂ ಎರಡು ಮೂರು ದಿನ ಕಾಯಿರಿ. ಮಜಲು ಗದ್ದೆಯಲ್ಲಿ ಆ ಸರಿಯಾದ ಹದ ಬಹಳ ದಿನ ಇರುವುದಿಲ್ಲ. ಟಿಲ್ಲರ್ ಬಾಡಿಗೆಗೆ ಹೇಳಿಟ್ಟವರು ಬಾರದೆ ಕೈಕೊಟ್ಟರೆ ಹದ ಹೋಯಿತು ಎಂದೇ ಲೆಕ್ಕ. ಕಟಾವು ಯಂತ್ರ ಗದ್ದೆಗೆ ಇಳಿಯುವ ದಿನವೇ ಟಿಲ್ಲರಿನವರಿಗೂ ಫೋನ್ ಮಾಡಿ ಇಟ್ಟುಕೊಳ್ಳಿ.

ನೀರಿನ ಲೆಕ್ಕ ಹೀಗೆ: ಮೊದಲ ಹತ್ತು ದಿನ ಎರಡು ದಿನಕ್ಕೊಮ್ಮೆ, ಆಮೇಲೆ ವಾರದಿಂದ ಹತ್ತು ದಿನಕ್ಕೊಮ್ಮೆ. ಅಗೆಯುವುದಕ್ಕೆ ಮೂರು ವಾರ ಇರುವಾಗ ನಿಲ್ಲಿಸಬೇಕು. ಅಗೆಯುವ ಎರಡು ದಿನ ಮೊದಲು ಒಮ್ಮೆ ಕೊಟ್ಟರೆ ಮಣ್ಣು ಸಡಿಲ ಆಗಿ ಗಡ್ಡೆಗೆ ಹಾರೆ ತಾಗುವುದು ಕಡಿಮೆ.

ಈ ಬೆಳೆ ಫೆಬ್ರವರಿ, ಮಾರ್ಚ್‌ನಲ್ಲಿ ಸಿಗುವುದರಿಂದ ಒಂದು ಲಾಭ ಉಂಟು. ಗೆಣಸಿನ ಹಪ್ಪಳ. ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸುವ ಬಿಸಿಲು ಮಾರ್ಚ್‌ನಲ್ಲೇ ಸಿಗುವುದು. ಸೆಪ್ಟೆಂಬರ್ ಬೆಳೆಯನ್ನು ಜನವರಿಯಲ್ಲಿ ಅಗೆದು ಹಪ್ಪಳಕ್ಕೆಂದು ಮಾರ್ಚ್ ತನಕ ಇಟ್ಟರೆ ಅರ್ಧ ಮೊಳಕೆ ಬಂದಿರುತ್ತದೆ, ಅರ್ಧ ಬಾಡಿರುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಗೆಣಸು ಎಂದರೆ ಮುಖ್ಯವಾಗಿ ಹಪ್ಪಳ ಎಂದಾದರೆ, ನಾನು ಮೇಲೆ ಹೊಗಳಿದ ಸೆಪ್ಟೆಂಬರನ್ನು ಬಿಟ್ಟು ನವೆಂಬರ್ ಹಿಡಿಯಿರಿ. ಬೇಯಿಸಿ ಕಾಫಿಯ ಜೊತೆ ತಿನ್ನುವುದಕ್ಕೆ, ಪೋಡಿ ಕರಿಯುವುದಕ್ಕೆ, ಸಾಂಬಾರಿಗೆ ಎಂದಾದರೆ ಸೆಪ್ಟೆಂಬರ್.

ಜನವರಿ, ಫೆಬ್ರವರಿ

ಸುಗ್ಗಿ ಭತ್ತ ತೆಗೆದ ಬೈಲಿನಲ್ಲಿ ನೀರಿದ್ದರೆ ನೆಡಬಹುದು ಎಂದು ಶಿಫಾರಸು ಉಂಟು. ನನಗೆ ಅಷ್ಟು ಹಿಡಿಸದು. ಏಪ್ರಿಲ್‌ನಲ್ಲಿ ಬಾವಿ ತಳ ಕಾಣುತ್ತದೆ, ಹೊಳೆಯ ಅಳಿವೆ ಹತ್ತಿರದವರಿಗೆ ಉಪ್ಪುನೀರು. ಬೆಳೆ ಮುಗಿಯುವ ಹೊತ್ತಿಗೆ ಮೇ ತಿಂಗಳ ಗಾಳಿ ಮಳೆ. ಮೂತಿಹುಳಕ್ಕೂ ಇದು ಹಬ್ಬ. ಅಂಥ ಗದ್ದೆಗೆ ಉದ್ದು, ಹೆಸರು, ಅಲಸಂಡೆ ಹಾಕಿದರೆ ಮಣ್ಣಿಗೂ ಒಳ್ಳೆಯದು, ತಲೆಬಿಸಿಯೂ ಕಡಿಮೆ.

ಮೂತಿಹುಳ ಯಾವ ಹೊತ್ತಿಗೆ ಹೆಚ್ಚು

ನಾಟಿಯ ಹೊತ್ತನ್ನು ಹೋಲಿಸುವಾಗ ಎಲ್ಲರೂ ಮಳೆ, ನೀರು ಎಂದು ಮಾತಾಡಿ ಈ ಹುಳವನ್ನು ಮರೆಯುತ್ತಾರೆ. ಗೆಣಸು ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ನೋಡಲು ಉದ್ದ ಮೂತಿಯ ಇರುವೆಯ ಹಾಗೆ. ರೆಕ್ಕೆಯ ಭಾಗ ನೀಲಿ ಮಿಶ್ರಿತ ಕಪ್ಪು, ಎದೆ ಮತ್ತು ಕಾಲು ಕೆಂಪು, ಉದ್ದ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಬಳ್ಳಿಯ ಬುಡದಲ್ಲೂ ಗಡ್ಡೆಯ ಮೇಲೂ ಸಣ್ಣ ತೂತು ಮಾಡಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ಸುರಂಗ ಕೊರೆಯುತ್ತದೆ. ಹೊರಗಿನಿಂದ ನೋಡಿದರೆ ಸೂಜಿ ಚುಚ್ಚಿದಂಥ ಗುರುತು ಮಾತ್ರ. ಕತ್ತರಿಸಿದಾಗ ಒಳಗೆಲ್ಲ ಕಂದು ಬಣ್ಣದ ದಾರಿಗಳು, ಹಸಿರು ಕಪ್ಪು ಹಿಕ್ಕೆ, ಮೂಗಿಗೆ ಬಡಿಯುವ ಒಂಥರಾ ಕಹಿ ವಾಸನೆ. ಹುಳ ತಿಂದ ಭಾಗ ಕೊಯ್ದು ಉಳಿದದ್ದು ಬೇಯಿಸಿದರೂ ಬಾಯಿಗೆ ಇಡಲು ಆಗುವುದಿಲ್ಲ. ಹುಳ ಹೊಕ್ಕರೆ ತನ್ನನ್ನು ಕಾಪಾಡಿಕೊಳ್ಳಲು ಗಡ್ಡೆಯೇ ಆ ಕಹಿ ಪದಾರ್ಥ ತಯಾರು ಮಾಡುತ್ತದೆ. ಅಂಥದ್ದನ್ನು ದನಕ್ಕೂ ಹಾಕಬೇಡಿ, ಕೊಳೆತ ಗೆಣಸು ದನಕ್ಕೆ ವಿಷ ಆಗಬಹುದು.

ಈ ಹುಳ ಮಣ್ಣನ್ನು ತೋಡಿಕೊಂಡು ಒಳಗೆ ಹೋಗುವಷ್ಟು ಗಟ್ಟಿಯದ್ದಲ್ಲ. ಅದಕ್ಕೆ ದಾರಿ ಬೇಕು. ದಾರಿ ಮಾಡಿಕೊಡುವುದು ಬಿರುಕು ಬಿಟ್ಟ ಮಣ್ಣು. ಮಳೆಗಾಲದಲ್ಲಿ ಮಣ್ಣು ಮುಚ್ಚಿಕೊಂಡಿರುತ್ತದೆ, ಹುಳಕ್ಕೆ ಗಡ್ಡೆ ಸಿಗುವುದಿಲ್ಲ. ಜನವರಿ ಕಳೆದು ಮಣ್ಣು ಒಣಗಿ, ಒಳಗೆ ಗಡ್ಡೆ ದಪ್ಪಗಾಗುತ್ತಾ ಸಾಲಿನ ನೆತ್ತಿ ಬಿರಿದಾಗ ಬಾಗಿಲು ತೆರೆದ ಹಾಗೆ. ಮೂತಿಹುಳದ ಲೆಕ್ಕದಲ್ಲಿ ನೋಡಿದರೆ ಜೂನ್ ನಾಟಿ ಎಲ್ಲಕ್ಕಿಂತ ಕ್ಷೇಮ, ಸೆಪ್ಟೆಂಬರ್ ಪರವಾಗಿಲ್ಲ, ನವೆಂಬರಿಗೆ ಮೈಮರೆಯುವಂತಿಲ್ಲ.

ನವೆಂಬರ್ ನಾಟಿಯವರು ಎರಡು ಸಲ ಮಣ್ಣು ಏರಿಸಬೇಕು. ಒಮ್ಮೆ ತಿಂಗಳಾಗುವಾಗ ಕಳೆ ಕೀಳುತ್ತಾ, ಇನ್ನೊಮ್ಮೆ ಎರಡು ತಿಂಗಳಿಗೆ. ಎರಡನೆಯದನ್ನೇ ಹೆಚ್ಚಿನವರು ಬಿಡುತ್ತಾರೆ, ಬಳ್ಳಿ ಹಬ್ಬಿದೆ ಈಗ ಯಾಕೆ ಎಂದು. ಸಾಲಿನ ಮೇಲೆ ಸೋಗೆಯನ್ನೋ ತರಗೆಲೆಯನ್ನೋ ಮುಚ್ಚಿದರೆ ಬಿರುಕು ಬೀಳುವುದು ಕಡಿಮೆ. ಗಂಡು ಹುಳಗಳನ್ನು ಸೆಳೆಯುವ ಲಿಂಗಾಕರ್ಷಕ ಬಲೆ ಕೂಡ ಸಿಗುತ್ತದೆ. ಕಂಕನಾಡಿಯಲ್ಲೂ ಬ್ರಹ್ಮಾವರದಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ಹೋದ ವರ್ಷ ಗೆಣಸು ಹಾಕಿದ ಜಾಗಕ್ಕೇ ಈ ವರ್ಷವೂ ಹಾಕಬೇಡಿ. ಈ ಹುಳ ಬಹಳ ದೂರ ಹಾರುವಂಥದ್ದಲ್ಲ, ಜಾಗ ಬದಲಿಸಿದರೆ ಅರ್ಧ ಕಾಟ ಅಲ್ಲಿಗೇ ಮುಗಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಸರಿಯಾದ ದಿನಕ್ಕೆ ಅಗೆಯುವುದು. ಮಣ್ಣಿನಲ್ಲೇ ಇರಲಿ, ಬೇಕಾದಾಗ ತೆಗೆದರಾಯಿತು ಎಂದು ಬಿಟ್ಟ ಗೆಣಸು ಹುಳದ ಪಾಲು.

ತಳಿ ಮತ್ತು ತಿಂಗಳು

ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1963ರಿಂದ ಇಂಥ ಬೆಳೆಗಳ ಮೇಲೆಯೇ ಕೆಲಸ ಮಾಡುತ್ತಿದೆ. ಅವರ ಶ್ರೀ ಭದ್ರ ಸುಮಾರು 90 ದಿನದ ತಳಿ. ಶ್ರೀ ಅರುಣ್, ಶ್ರೀ ವರುಣ್ ಕೂಡ ಬೇಗ ಬರುವವು. ಕಿತ್ತಳೆ ಬಣ್ಣದ ತಿರುಳಿನ ಶ್ರೀ ಕನಕ ಇನ್ನೂ ಬೇಗ. ಈಚೆಗೆ ಭೂ ಸೋನಾ ಎಂಬ ಕಿತ್ತಳೆ ತಿರುಳಿನದ್ದೂ ಭೂ ಕೃಷ್ಣಾ ಎಂಬ ನೇರಳೆ ತಿರುಳಿನದ್ದೂ ಬಂದಿವೆ.

ನವೆಂಬರಿನಲ್ಲಿ ನೆಡುವವರಿಗೆ ಬೇಗ ಬರುವ ತಳಿ ಎಂದರೆ ಒಂದು ತಿಂಗಳ ನೀರು ಉಳಿತಾಯ, ಹುಳಕ್ಕೆ ಸಿಗುವ ಕಾಲವೂ ಕಡಿಮೆ. ಸೆಪ್ಟೆಂಬರಿನಲ್ಲಿ ನೆಡುವವರಿಗೆ ಊರಿನ ನಾಲ್ಕು ತಿಂಗಳ ಕೆಂಪು ಸಿಪ್ಪೆಯ ಗೆಣಸೂ ನಡೆಯುತ್ತದೆ. ಹಪ್ಪಳಕ್ಕೆ ಹಿಟ್ಟು ಜಾಸ್ತಿ ಇರುವ, ಬೇಯಿಸಿದಾಗ ಪುಡಿ ಪುಡಿ ಆಗುವ ಜಾತಿಯೇ ಬೇಕು. ಕಿತ್ತಳೆ ತಿರುಳಿನದ್ದು ಬೇಯಿಸಿದರೆ ಮೆತ್ತಗೆ ನೀರಾಗುತ್ತದೆ, ಹಪ್ಪಳದ ಹಿಟ್ಟು ಕೈಗೆ ಅಂಟುತ್ತದೆ. ಮಕ್ಕಳಿಗೆ ತಿನ್ನಿಸಲು ಮಾತ್ರ ಅದೇ ಒಳ್ಳೆಯದು, ಎ ಜೀವಸತ್ವಕ್ಕೆ ಬೇಕಾದ ಬೀಟಾ ಕ್ಯಾರೊಟಿನ್ ಅದರಲ್ಲಿ ತುಂಬ ಇದೆ.

ಬಳ್ಳಿಯ ತಯಾರಿ

ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಬಳ್ಳಿಯಿಂದ ಬಳ್ಳಿಗೆ 20 ಸೆಂಟಿಮೀಟರ್ ಎಂದು ಹಿಡಿದರೆ ಒಂದು ಸೆಂಟ್ಸ್ ಜಾಗಕ್ಕೆ ಸುಮಾರು 340 ತುಂಡು ಬೇಕು. ಕೇಳಿದವರಿಗೆ ಆಶ್ಚರ್ಯ ಆಗುತ್ತದೆ, ಅಷ್ಟೊಂದಾ ಎಂದು. ಅದಕ್ಕೇ ಬಳ್ಳಿಯನ್ನು ಮೊದಲೇ ತಯಾರು ಮಾಡಬೇಕು ಎನ್ನುವುದು.

ಬಳ್ಳಿ ಇಲ್ಲದವರು ಜೂನ್ ಮೊದಲ ವಾರವೇ ಹುಳ ಇಲ್ಲದ ಒಳ್ಳೆಯ ಗೆಣಸನ್ನು ಏರು ಮಡಿಯಲ್ಲಿ ಹೂಳಬೇಕು. ಒಂದೂವರೆ ತಿಂಗಳಿಗೆ ಬಳ್ಳಿ ಬರುತ್ತದೆ. ಅದನ್ನು ಕತ್ತರಿಸಿ ಇನ್ನೊಂದು ಮಡಿಗೆ ನೆಟ್ಟರೆ ಮತ್ತೆ ಒಂದೂವರೆ ತಿಂಗಳಿಗೆ ಬಳ್ಳಿ ಹಲವು ಪಟ್ಟು ಆಗಿರುತ್ತದೆ. ಲೆಕ್ಕ ಹಾಕಿ, ಅಲ್ಲಿಗೆ ಸೆಪ್ಟೆಂಬರ್ ಬಂತು.

ಕತ್ತರಿಸುವಾಗ ತುದಿಯ ಭಾಗ ತೆಗೆದುಕೊಳ್ಳಿ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಬುಡದ ಭಾಗದಲ್ಲಿ ಮೂತಿಹುಳದ ಮೊಟ್ಟೆ ಇರುವ ಸಂಭವ ಜಾಸ್ತಿ. ಕತ್ತರಿಸಿದ ಕೂಡಲೇ ನೆಡಬೇಡಿ. ಎಲೆ ಸಮೇತ ಕಟ್ಟು ಕಟ್ಟಿ, ಹಟ್ಟಿಯ ಬದಿಯೋ ಮರದ ಅಡಿಯೋ ನೆರಳಿನಲ್ಲಿ ಎರಡು ದಿನ ಇಡಿ. ಎಲೆ ಸ್ವಲ್ಪ ಬಾಡುತ್ತದೆ, ಗಂಟಿನ ಹತ್ತಿರ ಬಿಳಿ ಮೊನೆಗಳು ಕಾಣುತ್ತವೆ. ನೆಟ್ಟ ಮೇಲೆ ಬೇರು ಬೇಗ ಹಿಡಿಯುತ್ತದೆ. ನೆಡುವಾಗ ನಡುವಿನ ಎರಡು ಮೂರು ಗಂಟು ಮಣ್ಣಿನೊಳಗೆ ಹೋಗಲಿ, ಎರಡೂ ಕೊನೆ ಹೊರಗೆ ಇರಲಿ. ಗಡ್ಡೆ ಕಟ್ಟುವ ಬೇರು ಬರುವುದು ಆ ಗಂಟುಗಳಿಂದಲೇ.

ಗೊಬ್ಬರದ ಬಗ್ಗೆ ಉದ್ದ ಹೇಳುವುದಕ್ಕೇನಿಲ್ಲ. ಹಟ್ಟಿಗೊಬ್ಬರ, ಸುಡುಮಣ್ಣು, ಒಲೆಯ ಬೂದಿ. ಮಳೆ ತೊಳೆದ ನಮ್ಮ ಮಣ್ಣಿನಲ್ಲಿ ಪೊಟ್ಯಾಷ್ ಕಡಿಮೆ, ಗಡ್ಡೆಗೆ ಬೇಕಾದ್ದು ಅದೇ. ಯೂರಿಯಾ ಜಾಸ್ತಿ ಹಾಕಿದರೆ ಯಾವ ತಿಂಗಳು ನೆಟ್ಟರೂ ಸೊಪ್ಪೇ ಗತಿ.

ಫ್ಲ್ಯಾಟಿನವರಿಗೆ, ತಾರಸಿಯವರಿಗೆ ಸೆಪ್ಟೆಂಬರ್ ಕೊನೆ ಬಿಟ್ಟು ಬೇರೆ ಆಯ್ಕೆ ಬೇಡ. ದೊಡ್ಡ ಗ್ರೋ ಬ್ಯಾಗ್, ಅಡಿಯಲ್ಲಿ ಸರಿಯಾದ ತೂತು, ಅರ್ಧದಷ್ಟು ಹೊಯಿಗೆ ಬೆರೆಸಿದ ಮಣ್ಣು, ಚೀಲಕ್ಕೆ ಎರಡೇ ಬಳ್ಳಿ. ಮಾರ್ಚ್‌ನ ತಾರಸಿ ಬಿಸಿಗೆ ಚೀಲದ ಮಣ್ಣು ಕಾದು ಬಿಡುತ್ತದೆ, ಅದಕ್ಕೆ ಮೊದಲೇ ಅಗೆದು ಮುಗಿದಿರಬೇಕು. ತಾರಸಿಯ ಇನ್ನೊಂದು ಲಾಭ, ಕಾಡುಹಂದಿ ಮೇಲೆ ಹತ್ತುವುದಿಲ್ಲ. ನೆಲದಲ್ಲಿ ಬೆಳೆಯುವವರಿಗೆ ಹಂದಿ, ಹೆಗ್ಗಣ, ಈಗ ನವಿಲು ಬೇರೆ. ನಾಟಿಯ ತಿಂಗಳು ಬದಲಿಸಿ ಅವುಗಳಿಂದ ತಪ್ಪಿಸಿಕೊಳ್ಳುವ ಉಪಾಯ ಇಲ್ಲ ಮಾರಾಯ್ರೆ, ಬೇಲಿಯೇ ಗತಿ.

ಅಗೆಯುವ ದಿನ, ಮುಂದಿನ ವರ್ಷದ ಬಳ್ಳಿ

ಬುಡದ ಎಲೆ ಹಳದಿಯಾಗಲು ಶುರುವಾದಾಗ ಒಂದು ಸಾಲಿನ ಬದಿಯನ್ನು ಕೈಯಲ್ಲೇ ಕೆದಕಿ ಒಂದು ಗೆಣಸು ತೆಗೆಯಿರಿ. ಅಡ್ಡ ಕತ್ತರಿಸಿ ಗಾಳಿಗೆ ಇಡಿ. ಬಿಳಿ ಹಾಲು ಜಿನುಗುತ್ತದೆ. ಅದು ಒಣಗಿ ಹಾಗೇ ತಿಳಿಯಾಗಿ ಉಳಿದರೆ ಬೆಳೆದಿದೆ. ಕಪ್ಪಾದರೆ ಇನ್ನೂ ಎಳತು, ಒಂದು ವಾರ ಬಿಟ್ಟು ಮತ್ತೆ ನೋಡಿ. ಅಗೆದದ್ದನ್ನು ತೊಳೆಯಬೇಡಿ. ಗಾಳಿಯಾಡುವ ಜಗಲಿಯಲ್ಲಿ ನೆರಳಿಗೆ ಐದಾರು ದಿನ ಹರಡಿದರೆ ಗಾಯ ಒಣಗಿ ಸಿಪ್ಪೆ ಗಟ್ಟಿಯಾಗುತ್ತದೆ, ಸಿಹಿಯೂ ಏರುತ್ತದೆ. ಫ್ರಿಜ್ಜಿನಲ್ಲಿ ಇಟ್ಟರೆ ಒಳಗೆ ಗಟ್ಟಿಯಾಗಿ ರುಚಿ ಕೆಡುತ್ತದೆ.

ಅಗೆದ ದಿನ ಬಳ್ಳಿಯನ್ನೆಲ್ಲ ದನಕ್ಕೆ ಹಾಕಿ ಕೈ ತೊಳೆದುಕೊಂಡರೆ ಜೂನ್‌ನಲ್ಲಿ ಮತ್ತೆ ಊರೆಲ್ಲ ಬಳ್ಳಿ ಹುಡುಕಬೇಕು. ಹತ್ತಿಪ್ಪತ್ತು ತುದಿಗಳನ್ನು ಆಗಲೇ ಆರಿಸಿ. ಎಲೆ ಮುರುಟಿದ, ಚುಕ್ಕೆ ಬಿದ್ದ ಬಳ್ಳಿಯದ್ದು ಬೇಡ, ಆ ರೋಗ ವರ್ಷದಿಂದ ವರ್ಷಕ್ಕೆ ಬಳ್ಳಿಯ ಜೊತೆಗೇ ಬರುತ್ತದೆ. ಬಚ್ಚಲಿನ ನೀರು ಹರಿದು ಹೋಗುವ ಕಡೆ, ಮಧ್ಯಾಹ್ನ ಸ್ವಲ್ಪ ನೆರಳು ಬೀಳುವ ಜಾಗದಲ್ಲಿ ಊರಿ ಬಿಡಿ. ಗಡ್ಡೆ ಬರಲಿ ಬಿಡಲಿ, ಏಪ್ರಿಲ್, ಮೇ ದಾಟಿಸಿಕೊಂಡರೆ ಸಾಕು. ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದ ವಾರ ಅದರಿಂದಲೇ ತುದಿ ಕತ್ತರಿಸಿ ಮೂಲೆಯ ಮಡಿಗೆ ನೆಟ್ಟುಬಿಡಿ.